ಬ್ರೇಕಿನ ಹವಾ ತೆಗೆಯುವ ಗುರುವಾರ

ಕಾರಿನ ಬಹಳಷ್ಟು ರಿಪೇರಿಗಳನ್ನು ಒಬ್ಬರೇ ಮಾಡಬಹುದು. ಪ್ಲಗ್ ಬಿಚ್ಚಿ ಒರೆಸಬಹುದು, ರೇಡಿಯೇಟರಿಗೆ ನೀರು ಹಾಕಬಹುದು, ಸಡಿಲಾದ ಫ್ಯಾನ್ ಬೆಲ್ಟನ್ನು ಬಿಗಿ ಮಾಡಬಹುದು. ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಹವಾ ತೆಗೆಯಲು ಮಾತ್ರ ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಪೆಡಲು ಒತ್ತಬೇಕು. ಇನ್ನೊಬ್ಬರು ಗಾಲಿಯ ಹಿಂದೆ ಮಲಗಿ, ಅಲ್ಲಿರುವ ಸಣ್ಣ ನಿಪ್ಪಲನ್ನು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ತುಸು ತಿರುಗಿಸಬೇಕು. ಒತ್ತುವವರಿಗೆ ತಿರುಗಿಸುವವರು ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ. "ಒತ್ತು." "ಹಿಡಿ." "ಈಗ ಬಿಡು."

ಆ ದನಿ ನನ್ನ ಗಂಡನದು, ಒತ್ತುವ ಕಾಲು ನನ್ನದು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಪುಣೆಯ ಪಕ್ಕದ ಪಿಂಪ್ರಿಯ ಕಾರ್ಮಿಕರ ಕಾಲನಿಯ ಒಂದು ಅಂಗಳದಲ್ಲಿ ನಮ್ಮ ಸಂಸಾರ ನಿಜವಾಗಿ ಶುರುವಾದದ್ದು ಹೀಗೆ.

ನಾನು ಬಿ.ಎಸ್ಸಿ. ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಆಗಲಿ ಬಿಡಿ. ನನ್ನ ಅಪ್ಪ ಗುಲಬರ್ಗಾ ಕಡೆಯ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ಅವ್ವ ಹೊರುತ್ತಿದ್ದಳು. ನಮ್ಮ ವಂಶದಲ್ಲಿ, ಹೆಣ್ಣು ಗಂಡು ಎರಡೂ ಲೆಕ್ಕಕ್ಕೆ ಹಿಡಿದು, ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಲ್ಯಾಬಿನಲ್ಲಿ ಆಸಿಡ್ ಸಿಡಿದು ತೂತಾದ ಸೀರೆಗೆ ಅವ್ವ ಒಳಗಿನಿಂದ ತೇಪೆ ಹಚ್ಚಿ, ಮರುದಿನ ಅದನ್ನೇ ಉಡಿಸಿ ಕಳಿಸುತ್ತಿದ್ದಳು. ಹಾಗೆ ಪಡೆದ ಡಿಗ್ರಿಯನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ನಾನು ಪುಣೆಗೆ ಸೊಸೆಯಾಗಿ ಬಂದೆ.

ಮಾವ ಗಾರೆ ಕೆಲಸದ ಮೇಸ್ತ್ರಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಇಲ್ಲಿಯೇ ನಿಂತವರು. ಅವರ ಒಬ್ಬನೇ ಮಗ, ನನ್ನ ಗಂಡ, ಮರಾಠಿ ಶಾಲೆಯಲ್ಲಿ ಕಲಿತು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮನೆಯೆಂದರೆ ಹೊರಗಿನದೊಂದು ಕೋಣೆ, ಒಳಗೆ ಅಡುಗೆಮನೆ, ನಡುವೆ ಬಾಗಿಲಿಲ್ಲ, ಪರದೆ. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಮಾತಾಡಬೇಡಿ ಎಂದು ಯಾರೂ ಹೇಳಿರಲಿಲ್ಲ, ಆದರೂ ಇರಲಿಲ್ಲ. ಅವರಿಗೆ ನೀರಡಿಸಿದರೆ "ಅವ್ವಾ, ನೀರು" ಎನ್ನುವರು. ಅತ್ತೆ ನನ್ನತ್ತ ನೋಡುವರು. ನಾನು ತಂಬಿಗೆ ತಂದು ಅತ್ತೆಯ ಕೈಗೆ ಕೊಡುವೆ. ಅತ್ತೆ ಅದನ್ನು ಮಗನಿಗೆ ಕೊಡುವರು. ಮದುವೆಯಾಗಿ ಒಂದು ದೀಪಾವಳಿ ಕಳೆದಿತ್ತು. ಗಂಡನಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದು ನನಗೆ ಅತ್ತೆಯ ಬಾಯಿಂದ ಕೇಳಿ ಗೊತ್ತಿತ್ತು, ಅಷ್ಟೇ.

ಆಗ ಗಾಡಿ ಬಂತು. ಮಾವ ಒಂದು ಬಂಗಲೆಗೆ ಕಂಪೌಂಡು ಗೋಡೆ ಕಟ್ಟಿದ್ದರು. ಬಂಗಲೆಯವರು ಊರು ಬಿಡುವವರಿದ್ದರು, ಶೆಡ್ಡಿನಲ್ಲಿ ಓಡದೆ ನಿಂತಿದ್ದ ಹಳೆಯ ಕಾರನ್ನು ತೋರಿಸಿ "ಮೇಸ್ತ್ರಿ, ನೀವೇ ಒಯ್ಯಿರಿ" ಅಂದರಂತೆ. ಟೆಂಪೋದ ಹಿಂದೆ ಹಗ್ಗ ಕಟ್ಟಿ ಎಳೆದು ತಂದರು. ಮಾವ ಒಳಗೆ ಸ್ಟೇರಿಂಗ್ ಹಿಡಿದು ಕುಳಿತಿದ್ದರು, ತಲೆಗೆ ಪಟಗಾ ಸುತ್ತಿಕೊಂಡು, ಮದುಮಗನ ಹಾಗೆ. ಅಂಗಳದಲ್ಲಿ ಇಳಿದವರೇ "ತಳ್ಳಿದ್ರ ಏನಾತು, ಎಳದ್ರ ಏನಾತು. ಕುಂತು ಬಂದೀನಿ" ಅಂದರು.

ಪಿಂಪ್ರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಆ ಗುರುವಾರ ಗಂಡ ಬಾನೆಟ್ ಎತ್ತಿದರು. ಗಾಡಿಯ ಖಾನೆಯಲ್ಲಿ ಅದರ ರಿಪೇರಿಯ ದಪ್ಪ ಪುಸ್ತಕವಿತ್ತು, ಇಂಗ್ಲಿಷಿನದು. ಅದನ್ನು ಹಿಡಿದುಕೊಂಡು ಬಾಗಿಲಿಗೆ ಬಂದರು.

"ಅವ್ವಾ, ಇದನ್ನ ಓದೋರು ಬೇಕು. ಇಂಗ್ಲಿಷ್ ಅದ."

"ಓದ್ಲಿ. ಇಲ್ಲೇ ಕುಂತು ಓದ್ಲಿ," ಅಂದರು ಅತ್ತೆ, ಅಕ್ಕಿಯಿಂದ ಕಣ್ಣು ತೆಗೆಯದೆ.

"ಇಲ್ಲಿಂದ ಓದಿದ್ರ ನನಗ ಅಲ್ಲಿ ಹ್ಯಾಂಗ ಕೇಳ್ಬೇಕವ್ವಾ?"

ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹೋಗವಾ. ಬಿ.ಎಸ್ಸಿ. ಮಾಡಿದ್ದು ಗಾಡಿಗಿ ಪುರಾಣ ಹೇಳ್ಲಿಕ್ಕೇನು, ಹೋಗು."

ನನ್ನ ಡಿಗ್ರಿ ಮೊದಲ ಸಲ ಕೆಲಸಕ್ಕೆ ಬಂದದ್ದು ಹೀಗೆ.

ಗಾಡಿ ಶುರುವಾಗುತ್ತಿತ್ತು, ಆದರೆ ನಿಂತಲ್ಲೇ ಮೈ ನಡುಗಿಸಿ ಕೆಮ್ಮುತ್ತಿತ್ತು. ನಾನು ಸೀಟಿನಲ್ಲಿ ಕುಳಿತು ಪುಸ್ತಕ ಓದಿ ಹೇಳಿದೆ: ಎಂಜಿನ್ ನಡೆಯುತ್ತಿರುವಾಗಲೇ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಕಿತ್ತಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಪ್ಲಗ್ ಸರಿಯಿದೆ. ಏನೂ ವ್ಯತ್ಯಾಸವಾಗದಿದ್ದರೆ ರೋಗ ಅಲ್ಲಿಯೇ. ಅವರು ಕೈಗೆ ಒಣ ಬಟ್ಟೆ ಸುತ್ತಿಕೊಂಡರು. ಇಲ್ಲದಿದ್ದರೆ ಮೊಣಕೈವರೆಗೆ ಜುಂ ಎನ್ನುತ್ತದೆ. ನಾನು ಆಕ್ಸಿಲರೇಟರ್ ಹಿಡಿದೆ. ಮೂರನೆಯ ವಯರು ಕಿತ್ತರೆ ಗಾಡಿಗೆ ಗೊತ್ತೇ ಆಗಲಿಲ್ಲ. ಆ ಪ್ಲಗ್ ಬಿಚ್ಚಿದರೆ ಬಾಯಿಗೆಲ್ಲ ಕರಿ.

"ಬಿಸ್ಕೀಟ್ ಬಣ್ಣ ಇರಬೇಕಂತ್ರಿ," ನಾನು ಓದಿ ಹೇಳಿದೆ.

"ಯಾವ ಬಿಸ್ಕೀಟ್? ಚಹಾದಾಗ ಅದ್ದಿದ್ದೋ, ಒಣದೋ?"

ಮದುವೆಯಾದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ತಮಾಷೆ ಅದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಹೊಸ್ತಿಲ ಮೇಲಿದ್ದ ಅತ್ತೆ ಕತ್ತು ಚಾಚಿದ್ದಿರಬೇಕು, ನನಗೆ ಕಾಣಲಿಲ್ಲ. ಗಾಡಿಯ ಮುಖ ಮನೆಯ ಬಾಗಿಲಿಗಿತ್ತು. ಬಾನೆಟ್ ಎತ್ತಿ ನಿಲ್ಲಿಸಿದರೆ ಹೊಸ್ತಿಲಿನಿಂದ ಸೀಟು ಕಾಣುತ್ತಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ನಮಗೆ ಸಿಗದ ಗೋಡೆ ಅಂಗಳದಲ್ಲಿ ಸಿಕ್ಕಿತ್ತು.

ಆಮೇಲೆ ಗುರುವಾರಗಳಿಗಾಗಿ ಕಾಯತೊಡಗಿದೆ. ಗಾಡಿಯೂ ಉಪಕಾರಿ, ಪ್ರತಿ ವಾರ ಏನಾದರೊಂದು ಕೆಡಿಸಿಕೊಳ್ಳುತ್ತಿತ್ತು. ಶುರುವೇ ಆಗದಿದ್ದರೆ ಎರಡೇ ಪ್ರಶ್ನೆ: ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ. ಪೆಟ್ರೋಲು ಬರದಿದ್ದರೆ ಕಾರ್ಬೊರೇಟರಿನಲ್ಲಿ ಕಚರಾ, ಬಿಚ್ಚಿ ಊದಬೇಕು. ಕಿಡಿ ಬರದಿದ್ದರೆ ಅದನ್ನು ಹುಟ್ಟಿಸುವ ಪಾಯಿಂಟು ಸುಟ್ಟಿದೆ, ಪಾಲಿಶ್ ಪೇಪರಿನಿಂದ ಉಜ್ಜಬೇಕು. ಕೀಲಿ ತಿರುಗಿಸಿದಾಗ ಟಕ್ ಟಕ್ ಎಂದಷ್ಟೇ ಸದ್ದಾದರೆ ಬ್ಯಾಟರಿ. ಒಮ್ಮೆ ಅದರ ತಂತಿ ಕೂಡಿಸುವ ಜಾಗದಲ್ಲಿ ಬಿಳಿ ಹಸಿರು ಪುಡಿ ಹೂವಿನ ಹಾಗೆ ಬೆಳೆದಿತ್ತು. ಅವರು ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತಿದ್ದರು. ನಾನು ಒಳಗೆ ಹೋಗಿ ಅಡುಗೆ ಸೋಡಾ ಬಿಸಿನೀರಿಗೆ ಹಾಕಿ ತಂದು ಸುರಿದೆ. ಬುರುಬುರು ನೊರೆ ಎದ್ದು ಪುಡಿಯೆಲ್ಲ ಕರಗಿಹೋಯಿತು.

"ಏನ್ ಮಾಡಿದಿ?"

"ಆಸಿಡ್ ಅದಲ್ರಿ, ಅದಕ್ಕ ಸೋಡಾ."

ಅವರು ತಲೆ ಅಲ್ಲಾಡಿಸಿ ತಾಯಿಗೆ ಕೂಗಿ ಹೇಳಿದರು, "ಅವ್ವಾ, ನಿನ್ನ ಸೊಸಿ ಭಾಳ ಶಾಣ್ಯಾ ಇದ್ದಾಳ." ಒಳಗಿನಿಂದ ಉತ್ತರ ಬಂತು: "ಭಜಿಗಿ ಹಾಕೋ ಸೋಡಾ ಗಾಡಿಗಿ ಸುರುವಿದ್ರ ಶಾಣ್ಯಾನೇ ಅನ್ನು." ಪಕ್ಕದ ಮನೆಯ ಮರಾಠಿ ಹೆಂಗಸಿಗೂ ನಾವು ತಮಾಷೆ. ನೀರು ಹಿಡಿಯಲು ಬಂದಾಗಲೆಲ್ಲ "ಕಾಯ್ ಡಾಕ್ಟರೀಣಬಾಯಿ, ಪೇಶಂಟ್ ಕಸಾ ಆಹೇ?", ಏನು ಡಾಕ್ಟರಮ್ಮಾ, ರೋಗಿ ಹೇಗಿದ್ದಾನೆ ಎಂದು ಕೇಳಿಯೇ ಹೋಗುತ್ತಿದ್ದರು. "ಬರಾ ಆಹೇ" ಎನ್ನುತ್ತಿದ್ದೆ. ಚೆನ್ನಾಗಿಯೇ ಇತ್ತು.

ಆ ಸೀಟಿನಲ್ಲಿ ಕುಳಿತು ನಾನು ನನ್ನ ಗಂಡನನ್ನು ತಿಳಿದುಕೊಂಡೆ. ಅತ್ತೆ ಮಗನಿಗೆ ಪ್ರಾಣ ಎಂದು ವಾರಕ್ಕೆರಡು ಸಲ ಮಾಡುವ ಹೀರೆಕಾಯಿ ಪಲ್ಯ ಅವರಿಗೆ ಬಾಲ್ಯದಿಂದಲೂ ಸೇರುವುದಿಲ್ಲ. ಚಿಕ್ಕಂದಿನಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆ ಉಸುಕಿನ ಗುಡ್ಡೆಯ ಮೇಲೆ ಮಲಗುತ್ತಿದ್ದುದರಿಂದ ಇವತ್ತಿಗೂ ಮೆತ್ತನೆ ಹಾಸಿಗೆಯಲ್ಲಿ ಅವರಿಗೆ ನಿದ್ದೆ ಬಾರದು. ನಾನೂ ಹೇಳುತ್ತಿದ್ದೆ, ಗಣಿಯ ಬಗ್ಗೆ, ರಿಸಲ್ಟ್ ಬಂದ ದಿನ ಅಪ್ಪ ಯಾರಿಗೂ ಹೇಳದೆ ಗಣಿಯ ಅಂಚಿನಲ್ಲಿ ಒಬ್ಬನೇ ಕುಳಿತಿದ್ದರ ಬಗ್ಗೆ. ನಡುನಡುವೆ "ರೇಸ್ ಕೊಡು", "ಸಾಕು", "ಆ ಟಾರ್ಚ್ ಕೊಡು".

ಬ್ರೇಕ್ ಕೆಲಸದ ಗುರುವಾರಗಳು ಎಲ್ಲಕ್ಕಿಂತ ಉದ್ದ. ನಿಪ್ಪಲಿಗೆ ಸಿಕ್ಕಿಸಿದ ರಬ್ಬರ್ ನಳಿಕೆಯ ತುದಿ ಔಷಧಿಯ ಶೀಶೆಯೊಳಗಿರುತ್ತಿತ್ತು. ಹವಾ ಇದ್ದರೆ ಶೀಶೆಯೊಳಗಿನ ಬ್ರೇಕ್ ಎಣ್ಣೆಯಲ್ಲಿ ಗುಳ್ಳೆಗಳು ಬರುತ್ತವೆ, ಒಳಗೆ ಪೆಡಲು ಹಸಿ ಮಣ್ಣಿನ ಹಾಗೆ ಮೆತ್ತಗಿರುತ್ತದೆ. ಹವಾ ಹೋದ ಮೇಲೆ ಕಲ್ಲಿನ ಹಾಗೆ ಗಟ್ಟಿ. ಅತ್ತೆ ಹೊಸ್ತಿಲಿನಿಂದ ಕೂಗುತ್ತಿದ್ದರು, "ಮುಗೀತೇನೋ ತಮ್ಮಾ?"

"ಇನ್ನೂ ಹವಾ ಅದವ್ವಾ."

ನನ್ನ ಅಂಗಾಲಿನ ಕೆಳಗೆ ಪೆಡಲು ಕಲ್ಲಾಗಿ ಎಷ್ಟೋ ಹೊತ್ತಾಗಿರುತ್ತಿತ್ತು.

ಅಂಥದೊಂದು ಗುರುವಾರ, ಅವರು ಹಿಂದಿನ ಗಾಲಿಯ ಬಳಿ ಮಲಗಿದ್ದಾಗ, ಬಹಳ ದಿನಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ. "ರೀ, ನಾ ಬಿ.ಎಡ್. ಮಾಡ್ಲೇನ್ರಿ?"

"ಒತ್ತು," ಅಂದರು. ಒತ್ತಿದೆ. "ಹಿಡಿ." ಹಿಡಿದೆ. ಕೇಳಿಸಲಿಲ್ಲವೇನೋ ಅಂದುಕೊಂಡೆ.

"ಎಲ್ಲಿ?"

"ಧನಕವಡಿ ಕಡೆ ಕಾಲೇಜ್ ಅದಂತ್ರಿ. ಪುಣೆ ಸ್ಟೇಶನ್ ತನಕ ಲೋಕಲ್ ರೈಲು, ಆಮ್ಯಾಲ ಬಸ್."

ಪಾನಾದ ಸದ್ದು ನಿಂತಿತು. "ಗುರುವಾರ ರಜಾ ಇರ್ತದೇನು?"

"ಇಲ್ರಿ. ರಜಾ ಭಾನುವಾರ."

ಅವರು ಏನು ಕೇಳಿದರು, ನಾನು ಏನು ಹೇಳಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರ ಭಾನುವಾರ ಕಾರ್ಖಾನೆಯದು, ನನ್ನ ಗುರುವಾರ ಕಾಲೇಜಿನದಾಗುತ್ತದೆ. ಬಿ.ಎಡ್. ಆದರೆ ನೌಕರಿ, ನೌಕರಿಯಾದರೆ ಮತ್ತೆ ಭಾನುವಾರದ ರಜೆ. ನಮಗೆ ಮಾತಾಡಲು ಇದ್ದದ್ದು ಒಂದೇ ದಿನ, ಒಂದೇ ಜಾಗ. ಅದನ್ನೇ ಬಿಟ್ಟುಕೊಡಿ ಎಂದು ನಾನು ಕೇಳುತ್ತಿದ್ದೆ. ಕೇಳದಿದ್ದರೆ ಟ್ರಂಕಿನ ತಳದ ಆ ಕಾಗದ ಅಲ್ಲಿಯೇ ಹಳದಿಯಾಗುತ್ತಿತ್ತು.

"ಮಾಡು," ಅಂದರು ಗಾಲಿಯ ಹಿಂದಿನಿಂದ. "ಅಪ್ಪಗ ನಾ ಹೇಳ್ತೀನಿ."

ಮಾವ ತಕರಾರು ಮಾಡಲಿಲ್ಲ. ಅತ್ತೆ ಮಾತ್ರ ಊಟ ಬಡಿಸುತ್ತ ಕೇಳಿದರು, "ಮತ್ತ ಗುರುವಾರ ಪೆಡಲ್ ಯಾರು ಒತ್ತಬೇಕು?" "ನೀನೇ ಒತ್ತು," ಅಂದರು ಮಾವ.

ಆ ವರ್ಷ ಬೆಳಗಿನ ಲೋಕಲ್ ಹಿಡಿದು ಓಡಿದೆ. ಪಾಠದ ಚಾರ್ಟುಗಳನ್ನು ಸುರುಳಿ ಮಾಡಿ ತಲೆಗಿಂತ ಎತ್ತರಕ್ಕೆ ಹಿಡಿದು, ಮರಾಠಿಯಲ್ಲಿ ಜಗಳವಾಡಿ ಜಾಗ ಮಾಡಿಕೊಳ್ಳುವುದನ್ನು ಕಲಿತೆ. ಓದುವುದೆಂದರೆ ನನಗೆ ಹಸಿದಾಗ ಊಟ ಸಿಕ್ಕ ಹಾಗೆ, ಸುಖವಾಗಿತ್ತು. ಗುರುವಾರ ಬಂದರೆ ಮಾತ್ರ ಬಸ್ಸಿನ ಕಿಟಕಿಯಲ್ಲಿ ಕುಳಿತು, ಈಗ ಬಾನೆಟ್ ಎತ್ತಿರಬಹುದು ಅಂದುಕೊಳ್ಳುತ್ತಿದ್ದೆ.

ಒಂದು ಗುರುವಾರ ಕಾಲೇಜು ಬೇಗ ಬಿಟ್ಟಿತು. ಓಡುತ್ತಲೇ ಬಂದೆ. ಹಿಂದಿನ ಸಂದಿಯಿಂದ ಅಂಗಳಕ್ಕೆ ಬಂದರೆ, ಸೀಟಿನಲ್ಲಿ ಅತ್ತೆ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕುಳಿತಿದ್ದರು. ಮೊದಲ ಸಲ ರೈಲಿನಲ್ಲಿ ಪುಣೆಗೆ ಬಂದಾಗ ದೌಂಡ ಸ್ಟೇಶನ್ನಿನಲ್ಲಿ ನೀರು ಹಿಡಿಯಲು ಇಳಿದು, ರೈಲು ಹೊರಟುಬಿಟ್ಟು, ಕೂಸನ್ನು ಬಗಲಲ್ಲಿ ಹಿಡಿದು ಓಡಿದ ಕಥೆ ಹೇಳುತ್ತಿದ್ದರು. ಆ ಕೂಸು ಈಗ ಗಾಲಿಯ ಹಿಂದೆ ಮಲಗಿ ಹೂಂಗುಟ್ಟುತ್ತಿತ್ತು.

"ನಿಮ್ಮಪ್ಪ ಬಾಗಲ್ದಾಗ ನಿಂತು ಕೈ ಚಾಚ್ಯಾರ, ನಾ ಕೈ ಹಿಡೀಲಿಲ್ಲ, ಮೊದಲ ನಿನ್ನ ಒಗದೆ. ಆತೇನೋ, ಮುಗೀತೇನು?"

"ಇನ್ನೂ ಹವಾ ಅದವ್ವಾ," ಅಂದರು ಅವರು.

ನಾನು ಸಂತೋಷಪಡಬೇಕಿತ್ತು. ಚಾರ್ಟು ಗೋಡೆಗೆ ಒರಗಿಸಿ, ಸದ್ದಾಗದಂತೆ ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ಇಟ್ಟೆ.

ಬಿ.ಎಡ್. ಆಯಿತು, ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದೆ. ಮಗಳು ಹುಟ್ಟಿದಳು. ಇಬ್ಬರ ದುಡಿಮೆಯಿಂದ ಎಂಬತ್ತರ ದಶಕದ ನಡುವಿನಲ್ಲಿ ಚಿಂಚವಾಡದಲ್ಲಿ ಮೂರು ಕೋಣೆಯ ಫ್ಲ್ಯಾಟ್ ಆಯಿತು. ನಮಗೆಂದೇ ಒಂದು ಕೋಣೆ, ಅದಕ್ಕೆ ಬಾಗಿಲು, ಬಾಗಿಲಿಗೆ ಚಿಲಕ. ಅದರ ಹಿಂದೆ ನಾವು ಆಡಿದ್ದು ಗ್ಯಾಸಿನ ಮಾತು, ನೀರಿನ ಮಾತು, ಮಗಳ ಫೀಸಿನ ಮಾತು. ಜಗಳವಿರಲಿಲ್ಲ, ಬೇಸರವೂ ಅಲ್ಲ. ಅವರು ದಣಿದು ಬಂದಾಗ ನಾನು ಪೇಪರ್ ತಿದ್ದುತ್ತಿದ್ದೆ, ನನ್ನ ಪೇಪರ್ ಮುಗಿದಾಗ ಅವರು ಶಿಫ್ಟಿಗೆ ಹೊರಟಿರುತ್ತಿದ್ದರು. ಮುಂದೆ ಕೊಂಡ ಗಾಡಿ ಕೆಡುವುದೇ ಇಲ್ಲ, ಕೆಟ್ಟರೆ ಗ್ಯಾರೇಜಿನವರು ಬಂದು ಒಯ್ಯುತ್ತಾರೆ. ಅದರ ಬಾನೆಟ್ ಎತ್ತುವುದು ಹೇಗೆಂದು ನನಗೆ ಗೊತ್ತಿಲ್ಲ.

ಫ್ಲ್ಯಾಟಿನಲ್ಲಿ ಹಳೆಯ ಗಾಡಿಗೆ ಜಾಗವಿರಲಿಲ್ಲ. ಅಂಗಳದ ಮನೆ ಬಿಡುವ ವಾರ ಅದನ್ನು ಕೊಳ್ಳಲು ದೌಂಡದವರೊಬ್ಬರು ಒಪ್ಪಿದರು, ಸಂಜೆ ಬಂದು ಓಡಿಸಿಕೊಂಡು ಹೋಗುವವರಿದ್ದರು. ಶಾಲೆಗೆ ಬೇಸಿಗೆ ರಜೆ, ಮೇಲಾಗಿ ಗುರುವಾರ. ಸಾಮಾನೆಲ್ಲ ಗಂಟು ಕಟ್ಟಿ ಅಂಗಳಕ್ಕೆ ಬಂದಿತ್ತು. ಮಾವ ಬಕೆಟ್ಟಿನಲ್ಲಿ ನೀರು ತಂದು ಗಾಡಿ ತೊಳೆದರು.

ಗಂಡ ಪಾನಾ ಹಿಡಿದು ಬಂದರು. ತಾಯಿಗೆ ಕೇಳುವಂತೆ, ಆದರೆ ನನ್ನನ್ನು ನೋಡುತ್ತ ಅಂದರು, "ಅಷ್ಟು ದೂರ ಒಯ್ತಾರ. ಬ್ರೇಕ್ ನೋಡಿ ಕೊಡಬೇಕು."

ಎಷ್ಟೋ ವರ್ಷಗಳ ಮೇಲೆ ಆ ಸೀಟಿನಲ್ಲಿ ಕುಳಿತೆ. ಅತ್ತೆಯ ಕಾಲಿಗೆ ಎಟುಕಲೆಂದು ಸೀಟನ್ನು ಮುಂದೆ ಸರಿಸಿದ್ದರು, ನಾನು ಹಿಂದೆ ಸರಿಸಿಕೊಳ್ಳಲಿಲ್ಲ. "ಒತ್ತು." "ಹಿಡಿ." "ಈಗ ಬಿಡು." ಮೊದಲು ಪೆಡಲು ಮೆತ್ತಗಿತ್ತು. ಒಂದು ಗಾಲಿ ಮುಗಿಸಿ ಇನ್ನೊಂದಕ್ಕೆ ಹೋದರು. ಹೇಳಬೇಕಾದದ್ದು ಬಹಳವಿತ್ತು. ಎಲ್ಲಿಂದ ಶುರುಮಾಡುವುದು ಎಂದು ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

"ಗಟ್ಟಿ ಆಗ್ಯಾದ್ರಿ," ನಾನು ಅಂದೆ.

"ಇನ್ನೊಮ್ಮೆ ಒತ್ತು."

ಒತ್ತಿದೆ. ಕಲ್ಲು.

ಹೊಸ್ತಿಲಿನಿಂದ ಅತ್ತೆ ಕೂಗಿದರು, "ಮುಗೀತೇನೋ ತಮ್ಮಾ? ದೌಂಡದವ್ರು ಬಂದು ಕುಂತಾರ."

ಗಾಲಿಯ ಹಿಂದೆ ಪಾನಾ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ದನಿ ಬಂತು.

"ಅವ್ರಿಗಿ ಚಹಾ ಕೊಡವ್ವಾ. ಇನ್ನೂ ಹವಾ ಅದ."