ಬಾಲಮ್ಮ ಕೊಟ್ಟ ಬೀಜ

ಬಾಲಮ್ಮನ ಕೈಗುಣ ಒಳ್ಳೆಯದು ಎಂದು ಹೊರಮಾವಿನ ಆ ಬಡಾವಣೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳ ಸಿಟ್ಟಿನ ಗುಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲವರ ಸಿಟ್ಟು ಹಾಲಿನಂತೆ ಉಕ್ಕಿ ಇಳಿದುಹೋಗುತ್ತದೆ. ಬಾಲಮ್ಮನದು ಹೆಪ್ಪು ಹಾಕಿದ ಹಾಲು, ಸದ್ದಿಲ್ಲದೆ ಗಟ್ಟಿಯಾಗುತ್ತದೆ. ಇದು ತಿಳಿಯದೆ ಅವಳನ್ನು ಕೆಣಕಿದವನು ಸಿದ್ಧಲಿಂಗೇಶ. ತಿಳಿದಿದ್ದರೂ ಕೆಣಕುತ್ತಿದ್ದನೇನೋ, ಏಕೆಂದರೆ ಪಾತ್ರೆ ತೊಳೆಯುವವಳಿಗೂ ಮಾನ ಎಂಬುದೊಂದು ಇರುತ್ತದೆ ಎಂದು ಅವನ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಶಹಾಪುರದ ಕಡೆಯ ಹಳ್ಳಿಯೊಂದರಿಂದ ಬಾಲಮ್ಮ, ಅವಳ ಗಂಡ ಅಮರಪ್ಪ ಬೆಂಗಳೂರಿಗೆ ಬಂದದ್ದು ತೊಂಬತ್ತೆಂಟರಲ್ಲಿ. ಅವನು ಗಾರೆ ಕೆಲಸಕ್ಕೆ ಸೇರಿದ, ಅವಳು ಐದು ಮನೆಗಳ ಪಾತ್ರೆ ಹಿಡಿದಳು. ಬಾಡಿಗೆಯ ತಗಡಿನ ಕೋಣೆಯ ಎದುರಿಗೇ ಪಾರ್ಕಿಗೆಂದು ಬಿಟ್ಟ ಜಾಗವಿತ್ತು. ಪಾರ್ಕು ಇದ್ದದ್ದು ನಕಾಶೆಯಲ್ಲಿ ಮಾತ್ರ. ನೆಲದ ಮೇಲೆ ಇಡೀ ಬಡಾವಣೆಯ ಕಸ ಬಿದ್ದಿತ್ತು. ಒಂದು ಮೂಲೆಯ ಪ್ಲಾಸ್ಟಿಕ್ಕು, ಗಾಜಿನ ಚೂರು ಆರಿಸಿ ತೆಗೆದು, ಮೊಣಕಾಲುದ್ದ ಗುಂಡಿ ತೋಡಿ, ಐದು ಮನೆಯ ತರಕಾರಿ ಸಿಪ್ಪೆಯನ್ನೂ ದಾರಿಯ ಸಗಣಿಯನ್ನೂ ಅದಕ್ಕೆ ಹಾಕಿ ಅವಳು ತಿಪ್ಪೆ ಮಾಡಿದಳು. ವರ್ಷ ತುಂಬುವುದರೊಳಗೆ ಪುಂಡಿ ಸೊಪ್ಪು, ಹರಿವೆ, ಹೀರೆ ಬೆಳೆದು ನಿಂತವು. ಕೆಲಸಕ್ಕೆ ಹೋದ ಮನೆಗಳಿಗೆಲ್ಲ ಒಂದೊಂದು ಕಟ್ಟು ಸೊಪ್ಪು ಕೊಟ್ಟು ಬರುತ್ತಿದ್ದಳು.

ಅದರಲ್ಲಿ ಸಿದ್ಧಲಿಂಗೇಶನ ಮನೆಯೂ ಒಂದು. ದಾವಣಗೆರೆ ಕಡೆಯವನು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸ, ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಬಾಲಮ್ಮನ ಹಸಿರನ್ನು ಕಂಡು ಅವನಿಗೆ ಜ್ಞಾನೋದಯವಾಯಿತು. ಉಳಿದ ಜಾಗವನ್ನೂ ಚೊಕ್ಕಟ ಮಾಡಿಸಿ, ತಂತಿಬೇಲಿ ಹಾಕಿಸಿ, 'ನಮ್ಮ ಹಸಿರು ಅಂಗಳ' ಎಂದು ಬೋರ್ಡು ನೆಟ್ಟ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ತರಗತಿ. ಮೂವತ್ತು ಮನೆಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವನು ಚಾರ್ಟು ತೂಗುಹಾಕಿ ಹಸಿಕಸ, ಒಣಕಸ, ಎರೆಹುಳು, ಭೂಮಿಯ ಆರೋಗ್ಯ ಎಂದೆಲ್ಲ ಹೇಳುತ್ತಿದ್ದ. ಮಾತು ಮುಗಿದ ಮೇಲೆ ಗುಂಡಿ ತೋಡುವುದು ಬಾಲಮ್ಮ, ಗೊಬ್ಬರ ಮಗುಚುವುದು ಬಾಲಮ್ಮ. ಮೊದಮೊದಲು ಅವಳಿಗೂ ಖುಷಿಯೇ ಇತ್ತು. ನೆಲ ದೊಡ್ಡದಾಯಿತಲ್ಲ ಎಂದುಕೊಂಡಿದ್ದಳು.

೨೦೦೨ರ ಜನವರಿಯಲ್ಲಿ ಎಳ್ಳಮಾವಾಸ್ಯೆ ಭಾನುವಾರವೇ ಬಂತು. ಅವಳ ಊರ ಕಡೆ ಆ ಹೊತ್ತಿಗೆ ಭೂಮಿ ತುಂಬು ಬಸುರಿ. ಬಸುರಿಗೆ ಬಯಕೆ ತೀರಿಸಬೇಕು. ಸಜ್ಜೆ ಕಡುಬು, ಪುಂಡಿ ಪಲ್ಯ, ಮೊಸರನ್ನ, ಕಾಳುಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲಿ ಬರಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ಬಾಲಮ್ಮನಿಗೆ ಚರಗ ಚೆಲ್ಲಲು ನೆಲವೆಂದು ಸಿಕ್ಕಿದ್ದು ಅದೊಂದೇ. ತಲೆಗೆ ಸ್ನಾನ ಮಾಡಿ, ಮದುವೆಯ ಇಳಕಲ್ ಸೀರೆ ಉಟ್ಟು, ಬುಟ್ಟಿ ಹೊತ್ತು ಬಂದಳು. ತರಗತಿ ನಡೆದಿತ್ತು. ತನ್ನ ಪಾಡಿಗೆ ತಾನು ಬೇಲಿಯ ಗುಂಟ ನಡೆಯುತ್ತ, ಬಾಯಲ್ಲೇ 'ಹುಲ್ಲುಲ್ಲಿಗ್ಯೋ' ಎಂಬ ಚರಗದ ಕೂಗು ಗುನುಗುತ್ತ ಹಿಡಿಹಿಡಿಯಾಗಿ ಚೆಲ್ಲತೊಡಗಿದಳು.

"ಎಲ್ರೂ ಆ ಕಡೆ ನೋಡಿ," ಎಂದ ಸಿದ್ಧಲಿಂಗೇಶ, ಕೋಲಿನಿಂದ ಅವಳನ್ನೇ ತೋರಿಸುತ್ತ. "ನಾನು ಇಷ್ಟೊತ್ತು ಹೇಳ್ತಿದ್ದ ಪ್ರಾಬ್ಲಂ ಲೈವ್ ಆಗಿ ನಡೀತಿದೆ. ಬೇಯಿಸಿದ ಅನ್ನ ಹೀಗೆ ಎಸೆದ್ರೆ ಏನಾಗುತ್ತೆ? ಇಲಿ ಬರುತ್ತೆ, ಹೆಗ್ಗಣ ಬರುತ್ತೆ. ಬಾಲಮ್ಮ, ನಿಂಗೆ ಎಷ್ಟು ಸಲ ಹೇಳಿಲ್ಲ? ಬಾ ಇಲ್ಲಿ. ಎಲ್ಲಾ ಎತ್ತು. ಒಂದು ಅಗುಳೂ ಇರಬಾರದು."

"ಇದು ಚರಗ ರೀ ಸಾಹೇಬ್ರ," ಎಂದಳು ಅವಳು. ಅವನ ಊರಿನಲ್ಲೂ ಭೂಮಿ ಹುಣ್ಣಿಮೆಗೆ ಚರಗ ಚೆಲ್ಲುತ್ತಾರೆ. ಅವನ ಅಜ್ಜಿ ಚೆಲ್ಲಿದ್ದಾಳೆ. ಆದರೂ ಅವನು ಗಡಿಯಾರ ನೋಡಿಕೊಂಡ. "ಆಯ್ತು, ಈಗ ಎತ್ತು. ಕ್ಲಾಸಿಗೆ ಲೇಟಾಗ್ತಿದೆ," ಎಂದ. ಅವನ ಹೆಂಡತಿ ವಿಮಲಾಕ್ಷಿ ಒಂದು ಪ್ಲಾಸ್ಟಿಕ್ ಕವರು ತಂದು ಅವಳ ಕೈಗೆ ಕೊಟ್ಟಳು. ಕುರ್ಚಿಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಂಜನಮ್ಮ ಒಬ್ಬಳೇ ಬಾಯಿ ಬಿಟ್ಟದ್ದು. ಅವಳು ಹೊರಮಾವಿನ ಮೂಲದವಳು, ಆ ಬಡಾವಣೆ ಒಂದು ಕಾಲಕ್ಕೆ ಅವಳಪ್ಪನ ರಾಗಿ ಹೊಲ. "ಬಿಡಪ್ಪಾ, ಭೂಮ್ತಾಯಿಗೆ ಹಾಕವ್ಳೆ," ಎಂದಳು. ಮುದುಕಿಯ ಮಾತು ಯಾರ ಕಿವಿಗೆ ಬಿದ್ದೀತು?

ಬಾಲಮ್ಮ ಬಗ್ಗಿದಳು. ಮೂವತ್ತು ಮನೆಯವರ ಎದುರು, ಇಳಕಲ್ ಸೀರೆಯ ಸೆರಗು ಮಣ್ಣಿಗೆ ತಾಗುತ್ತಿರಲು, ಬಸುರಿಯ ಬಾಯಿಂದ ತುತ್ತು ಕಿತ್ತಂತೆ ಒಂದೊಂದೇ ಅಗುಳನ್ನು ಆರಿಸಿ ಕವರಿಗೆ ಹಾಕಿದಳು. ಅರ್ಧ ಗಂಟೆ ಹಿಡಿಯಿತು. ತರಗತಿ ಅದರ ಪಾಡಿಗೆ ನಡೆಯಿತು. ಕವರನ್ನು ಅವನು ತೋರಿಸಿದ ಡ್ರಮ್ಮಿಗೆ ಸುರಿದು ಮನೆಗೆ ಬಂದು, ಉಣ್ಣದೆ ಕೂತಿದ್ದವಳನ್ನು ಅಮರಪ್ಪ ಏನಾಯಿತೆಂದು ಕೇಳಿದ. "ಅವನ ಬೆನ್ನು ಬಾಗಸ್ತೀನಿ," ಎಂದಳು. "ಅದೇ ನೆಲದಾಗ, ಅದೇ ಮಂದಿ ಮುಂದ."

ಮರುದಿನವೂ ಅವನ ಮನೆಯ ಪಾತ್ರೆ ಎಂದಿನಂತೆ ಲಕಲಕ ಹೊಳೆದವು. ಬಾಲಮ್ಮ ಕೆಲಸ ಬಿಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಸೊಪ್ಪಿನ ಕಟ್ಟನ್ನೂ ತಪ್ಪಿಸಲಿಲ್ಲ. ಕಾಯುವುದು ಒಕ್ಕಲ ಮಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮೇ ತಿಂಗಳಲ್ಲಿ ಕಾಲ ಕೂಡಿಬಂತು. ಬೆಂಗಳೂರಿನ ಬಡಾವಣೆ ತೋಟಗಳಿಗೆಲ್ಲ ಒಂದು ಸ್ಪರ್ಧೆ ನಡೆಯುವುದಿತ್ತು. ಜೂನ್ ಮೊದಲ ವಾರ ತೀರ್ಪುಗಾರರು ಬಂದು ನೋಡುತ್ತಾರೆ. ನಾಟಿ ಬೀಜ ಬಿತ್ತಿದರೆ ಹೆಚ್ಚು ಅಂಕ. ಸಿದ್ಧಲಿಂಗೇಶ ಹಳೆಯ ಗಿಡಗಳನ್ನೆಲ್ಲ ಕೀಳಿಸಿ, ಮನೆಗೊಂದರಂತೆ ಮೂವತ್ತು ಮಡಿ ಮಾಡಿಸಿದ. ಆಮೇಲೆ ಪಾತ್ರೆ ತೊಳೆಯುತ್ತಿದ್ದ ಬಾಲಮ್ಮನ ಹತ್ತಿರ ತಾನೇ ಬಂದು ನಿಂತ. "ಬಾಲಮ್ಮ, ನಿಮ್ಮೂರಿನ ಬೀಜ ಇದೆಯಲ್ಲ, ಎಲ್ರಿಗೂ ಸ್ವಲ್ಪ ಸ್ವಲ್ಪ ಕೊಡ್ತೀಯಾ?"

"ಕೊಡ್ತೀನ್ರಿ. ಅದಕ್ಕೇನ್ರಿ?" ಎಂದಳು ಬಾಲಮ್ಮ. ಅಷ್ಟು ನಗುನಗುತ್ತ ಅವಳು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ.

ಅಂದು ಮಧ್ಯಾಹ್ನ ಒಲೆ ಹಚ್ಚಿ ಹಂಚು ಇಟ್ಟಳು. ಬೀಜ ಹುರಿಯುವುದೂ ಒಂದು ವಿದ್ಯೆ. ಬೆಂಕಿ ಹೆಚ್ಚಾದರೆ ಹರಿವೆ ಬೀಜ ಅರಳಾಗಿ ಸಿಡಿಯುತ್ತದೆ, ಪುಂಡಿ ಬೀಜ ಕಪ್ಪಗಾಗುತ್ತದೆ. ಬಣ್ಣ ಕೆಡಬಾರದು, ಜೀವ ಉಳಿಯಬಾರದು. ಬಟ್ಟೆಯ ಉಂಡೆಯಿಂದ ಮೆಲ್ಲಗೆ ಆಡಿಸುತ್ತ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಹುರಿದಳು. ಕೆಲಸವಿಲ್ಲದೆ ಮನೆಯಲ್ಲೇ ಇದ್ದ ಅಮರಪ್ಪ ಬಾಗಿಲಲ್ಲಿ ನಿಂತು ನೋಡಿ ಹೆದರಿದ.

"ಬೀಜಕ್ಕ ಬೆಂಕಿ ತೋರಸಬಾರ್ದು, ಬಾಲಿ. ಒಳ್ಳೇದಾಗಂಗಿಲ್ಲ."

"ಭೂಮ್ತಾಯಿ ಬಾಯಾಗಿನ ತುತ್ತು ನನ್ನ ಕೈಲೇ ತಗಿಸ್ಯಾನ. ಅವಂಗ ಒಳ್ಳೇದೇ ಆಗೇದಲ್ಲ?"

ಹುರಿದ ಬೀಜದ ವಾಸನೆ ಅಡಗಲೆಂದು ಬೂದಿ, ಬೇವಿನ ಸೊಪ್ಪು ಬೆರೆಸಿ ಮೂವತ್ತು ಪೊಟ್ಟಣ ಕಟ್ಟಿದಳು. ಹುಳ ಬೀಳದಂತೆ ಬೀಜಕ್ಕೆ ಬೂದಿ ಬೆರೆಸುವುದು ಎಲ್ಲ ಕಡೆಯ ರೂಢಿ. ಯಾರಿಗೆ ಅನುಮಾನ ಬಂದೀತು? ಆಂಜನಮ್ಮನ ಪೊಟ್ಟಣ ಕಟ್ಟುವಾಗ ಕೈ ತಡೆಯಿತು. ಅವಳೊಬ್ಬಳಿಗೆ ಜೀವವಿದ್ದ ಬೀಜ ಕೊಟ್ಟರೆ ಅವಳ ಮಡಿಯೊಂದೇ ಮೊಳೆತು ಗುಟ್ಟು ರಟ್ಟಾಗುತ್ತದೆ. ಕೊನೆಗೆ ಅವಳಿಗೂ ಹುರಿದದ್ದನ್ನೇ ಕಟ್ಟಿದಳು.

ವಾರ ಕಳೆಯಿತು, ಮೊಳಕೆಯಿಲ್ಲ. "ನಮ್ಮ ಕಡಿ ಬೀಜ ತಡಾ ಆಗ್ತದ್ರಿ," ಎಂದಳು ಬಾಲಮ್ಮ. ಸಿದ್ಧಲಿಂಗೇಶ ಮುಂದಿನ ಭಾನುವಾರ ಅದನ್ನೇ ಪಾಠ ಮಾಡಿದ. ನಾಟಿ ಬೀಜಕ್ಕೆ ನಿದ್ರಾವಸ್ಥೆ ಇರುತ್ತದೆ, ನಾವು ತಾಳ್ಮೆ ಕಲಿಯಬೇಕು ಎಂದು ಚಾರ್ಟು ಬರೆದು ತೋರಿಸಿದ. ಪುಂಡಿ ನಾಲ್ಕೈದು ದಿನಕ್ಕೆ ತಲೆಯೆತ್ತುತ್ತದೆ ಎಂಬುದು ಹೊಲ ಕಂಡ ಯಾವ ಹುಡುಗಿಗೂ ಗೊತ್ತು. ಇನ್ನೂ ಒಂದು ವಾರಕ್ಕೆ ವಿಮಲಾಕ್ಷಿಯ ಮಡಿಯಲ್ಲಿ ಏನೋ ಹಸಿರು ಮೂಡಿತು. ಇಡೀ ಸಂಘ ಬಂದು ನೋಡಿ ಚಪ್ಪಾಳೆ ತಟ್ಟಿತು. ಬಾಲಮ್ಮನೂ ತಟ್ಟಿದಳು. ಅದು ಕಾಂಗ್ರೆಸ್ ಗಿಡ, ಬರೀ ಕಳೆ ಎಂದು ಅವಳು ಹೇಳಲಿಲ್ಲ; ಕೇಳಿದವರೂ ಇಲ್ಲ.

ಜೂನ್ ಮೊದಲ ಭಾನುವಾರ ತೀರ್ಪುಗಾರರು ಬಂದರು. ಕೃಷಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದ ಹೆಂಗಸೊಬ್ಬಳು 'ಹರಿವೆ' ಎಂದು ಚೀಟಿ ಚುಚ್ಚಿದ್ದ ವಿಮಲಾಕ್ಷಿಯ ಮಡಿಯ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, "ಪಾರ್ಥೇನಿಯಂ ಯಾಕ್ರೀ ಬೆಳೆಸಿದೀರಾ?" ಎಂದಳು. ಉಳಿದ ಮಡಿಗಳು ಬೋಳು. ಸಿದ್ಧಲಿಂಗೇಶ ಬೆವೆತ. "ಬೀಜ ಇದೆ ಮೇಡಂ, ಒಳಗಿದೆ, ತೋರಿಸ್ತೀನಿ," ಎನ್ನುತ್ತ ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ ಬೆರಳಿನಿಂದ ಮಣ್ಣು ಕೆದರತೊಡಗಿದ. ಒಂದು ಮಡಿಯಲ್ಲಿ ಸಿಗದೆ ಇನ್ನೊಂದಕ್ಕೆ ಹೋದ, ಅಲ್ಲಿಂದ ಮತ್ತೊಂದಕ್ಕೆ. ಮೂವತ್ತು ಮನೆಯವರು ನಿಂತು ನೋಡಿದರು. ಬೇಲಿಯ ಆಚೆ ಪೊರಕೆ ಹಿಡಿದು ನಿಂತಿದ್ದ ಬಾಲಮ್ಮ ಲೆಕ್ಕ ಹಿಡಿದಳು: ಹನ್ನೊಂದು ಸಲ ಬಾಗಿದ. ಅವಳ ಹೊಟ್ಟೆ ತಣ್ಣಗಾಯಿತು. ಐದು ತಿಂಗಳಲ್ಲಿ ಅಂದು ಮೊದಲ ಬಾರಿಗೆ ಅವಳು ಹೊಟ್ಟೆ ತುಂಬ ಉಂಡಳು.

ಕಥೆ ಅಲ್ಲಿಗೇ ಮುಗಿದಿದ್ದರೆ ಅವಳಂಥ ಸುಖಿ ಹೊರಮಾವಿನಲ್ಲಿ ಇನ್ನೊಬ್ಬಳು ಇರುತ್ತಿರಲಿಲ್ಲ. ಆದರೆ ಓದಿದವನು ಸೋತರೆ ತನ್ನ ಮೇಲೆ ತಪ್ಪು ಹೊತ್ತುಕೊಳ್ಳುತ್ತಾನೆಯೇ? ಹದಿನೈದು ದಿನ ಬಿಟ್ಟು ಸಿದ್ಧಲಿಂಗೇಶ ತನ್ನ ಮನೆಯಲ್ಲೇ ಸಂಘದ ಸಭೆ ಕರೆದ. ಬಾಲಮ್ಮ ಎಲ್ಲರಿಗೂ ಟೀ ಹಂಚುತ್ತಿದ್ದಳು.

"ಮಿಸ್ಟೇಕ್ ನಮ್ಮದಲ್ಲ, ಮಣ್ಣಿಂದು," ಎಂದ ಅವನು. "ವರ್ಷಗಟ್ಟಲೆ ಕಸ ಬಿದ್ದು ಹಾಳಾಗಿದೆ. ಕಳೆ ಬಿಟ್ರೆ ಏನೂ ಬರಲ್ಲ. ಒಂದಡಿ ಮಣ್ಣು ಲಾರೀಲಿ ಎತ್ತಿಸಿ ಟೈಲ್ಸ್ ಹಾಕಿಸೋಣ. ಶಟಲ್ ಕೋರ್ಟ್ ಆಗುತ್ತೆ."

"ನಮ್ಮಪ್ಪ ಅದ್ರಲ್ಲಿ ರಾಗಿ ಬೆಳ್ದವ್ನೆ ಕಣಪ್ಪಾ," ಎಂದಳು ಆಂಜನಮ್ಮ.

"ಆವಾಗ ಬೆಳೆದಿರಬಹುದು ಅಜ್ಜಿ. ಈಗ ಅದು ಬಂಜೆ ಮಣ್ಣು."

ಟ್ರೇ ಹಿಡಿದಿದ್ದ ಬಾಲಮ್ಮ ನಡುವೆಯೇ ನಿಂತಳು. ಆ ಮಾತನ್ನು ಅವಳು ಅತ್ತೆಯ ಬಾಯಲ್ಲಿ ಒಂಬತ್ತು ವರ್ಷ ಕೇಳಿದ್ದಳು. ಅದರಿಂದ ತಪ್ಪಿಸಿಕೊಳ್ಳಲೆಂದೇ ಊರು ಬಿಟ್ಟಿದ್ದಳು. ತಾನು ಹೊಡೆದದ್ದು ಇವನನ್ನು, ಏಟು ಬಿದ್ದದ್ದು ಯಾರಿಗೆ? ಬಾಯಿ ಮುಚ್ಚಿಕೊಂಡಿದ್ದರೆ ಅವಳ ಐದು ಮನೆಗಳೂ ಉಳಿಯುತ್ತವೆ, ಸೇಡೂ ಉಳಿಯುತ್ತದೆ. ನೆಲ ಮಾತ್ರ ಲಾರಿ ಹತ್ತುತ್ತದೆ, ಅದೂ ಬಂಜೆ ಎಂಬ ಹೆಸರು ಹೊತ್ತು.

"ಮಣ್ಣಿಗೆ ಹಂಗ ಅನಬ್ಯಾಡ್ರಿ," ಎಂದಳು. "ಮಣ್ಣು ಬಂಗಾರ ಅದ. ಬೀಜ ನಾ ಹುರದು ಕೊಟ್ಟೀನಿ. ಹಂಚಿನ ಮ್ಯಾಲಿಟ್ಟು, ನನ್ನ ಕೈಲೇ ಹುರದೀನಿ."

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವಳು ಆಂಜನಮ್ಮ. "ಹಂಗಾದ್ರೆ ಮಣ್ಣು ಎತ್ತೋ ಮಾತು ಬಿಡಿ," ಎಂದಳು. ನಾಲ್ಕು ಜನ ತಲೆಯಾಡಿಸಿದರು, ಆಮೇಲೆ ಎಲ್ಲರೂ ಆಡಿಸಿದರು. ವಿಮಲಾಕ್ಷಿ ಎದ್ದು ನಿಂತು, "ನಾಳೆಯಿಂದ ನಮ್ಮನೆಗೆ ಬರಬೇಡ," ಎಂದಳು. ಉಳಿದ ನಾಲ್ಕು ಮನೆಯವರೂ ಅಲ್ಲೇ ಇದ್ದರು; ಅವರ ಮುಖ ನೋಡಿದರೇ ಸಾಕಾಗಿತ್ತು. ಸಿದ್ಧಲಿಂಗೇಶನಿಗೆ ಮಾತ್ರ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

"ಯಾಕೆ ಬಾಲಮ್ಮ? ನಾನು ನಿಂಗೇನು ಮಾಡಿದ್ದೆ?"

"ಎಳ್ಳಮಾಸಿ ದಿನ ನನ್ನ ಚರಗ ನನ್ನ ಕೈಲೇ ಎತ್ತಿಸಿದಿರಲ್ರೀ."

ಅವನು ಹುಬ್ಬು ಗಂಟಿಕ್ಕಿದ. ಹೆಂಡತಿಯ ಕಡೆ ನೋಡಿದ. ಅವಳೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. "ಯಾವ ಚರಗ?" ಎಂದು ಕೇಳಿದ. "ಯಾವತ್ತು?"

ನಟನೆಯಲ್ಲ ಅದು. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಐದು ತಿಂಗಳು ಅವಳು ಮಲಗಿ ಎದ್ದದ್ದೆಲ್ಲ ಆ ಅರ್ಧ ಗಂಟೆಯ ಜೊತೆಗೆ. ಅವನಿಗೆ ಅದು ಗಡಿಯಾರ ನೋಡಿಕೊಂಡು ಮುಗಿಸಿದ ಒಂದು ಪಾಠ. ಬಾಲಮ್ಮ ಟ್ರೇಯನ್ನು ಅವನ ಮುಂದಿನ ಮೇಜಿನ ಮೇಲಿಟ್ಟು, ಅವನ ಮುಖವನ್ನೇ ನೋಡಿದಳು.

"ಇನ್ಮ್ಯಾಲ ನೆನಪಿರ್ತದ ಬಿಡ್ರಿ," ಎಂದಳು. ಎಂಜಲು ಲೋಟಗಳನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.