ಮಾವನ ಆಪ್ಶನ್ ಮೇಲಿರಲಿ

ಕೇರಳದ ಗಡಿಯೊಳಗಿನ ಪುತ್ತಿಗೆಯ ಯಶ್ಮಿತಾ ಗಣಿತದ ಟೀಚರಾಗಬೇಕೆಂದು ಹಟ ಹಿಡಿದದ್ದು ಗಣಿತದ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಅವಳು ಒಂಬತ್ತನೆಯಲ್ಲಿದ್ದಾಗ ಅವರ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡದ ಗಂಧಗಾಳಿಯಿಲ್ಲದ ಅಧ್ಯಾಪಕರೊಬ್ಬರು ನೇಮಕವಾಗಿ ಬಂದರು. ಪಾಪ, ಮನುಷ್ಯ ಒಳ್ಳೆಯವರೇ. ಅವರು ಮಲಯಾಳದಲ್ಲಿ ಪಾಠ ಮಾಡುತ್ತಿದ್ದರು, ಮಕ್ಕಳು ಕಣ್ಣು ಕಣ್ಣು ಬಿಡುತ್ತಿದ್ದರು. ವರ್ಷವಿಡೀ ಮನೆಯಲ್ಲಿ ಒಬ್ಬಳೇ ಪಠ್ಯಪುಸ್ತಕ ತಿರುವಿ ಲೆಕ್ಕ ಕಲಿತ ಹುಡುಗಿ, ಮುಂದೊಂದು ದಿನ ಆ ಕ್ಲಾಸಿನ ಕರಿಹಲಗೆಯ ಮುಂದೆ ತಾನೇ ನಿಲ್ಲುವುದೆಂದು ನಿಶ್ಚಯಿಸಿಬಿಟ್ಟಳು.

ಪ್ಲಸ್ ಟು ಮುಗಿಯುವ ಹೊತ್ತಿಗೆ ದಾರಿಯನ್ನೂ ಅಳೆದು ತೂಗಿ ಇಟ್ಟಿದ್ದಳು. ಗೆಳತಿಯರೆಲ್ಲ ಮಂಗಳೂರಿನ ವಿಶ್ವವಿದ್ಯಾನಿಲಯದ ಕಡೆ ಮುಖ ಮಾಡಿದ್ದರು. ಇವಳಿಗೆ ಕೆಲಸ ಬೇಕಾದದ್ದು ಕೇರಳದ ಶಾಲೆಯಲ್ಲಿ. ಹೊರರಾಜ್ಯದ ಡಿಗ್ರಿ ಹಿಡಿದುಕೊಂಡು ತತ್ಸಮಾನ ಸರ್ಟಿಫಿಕೇಟಿಗೆ ಅಲೆಯುವ ಪಾಡು ಬೇಡ. ತೆಂಕಲಾಗಿ ಕಣ್ಣೂರಿನ ಕಡೆ ಹೋದರೆ ಮಲಯಾಳ ಬಿಟ್ಟು ಬೇರೆ ಮಾತಿಲ್ಲ, ಆ ಪಾಡು ಒಮ್ಮೆ ಪಟ್ಟದ್ದೇ ಸಾಕು. ಕಾಸರಗೋಡಿನಲ್ಲೇ ಬಿಎಸ್ಸಿ ಗಣಿತ, ಮತ್ತೆ ಬಿಎಡ್. ಅವಳಿಗೆ ಬೇಕಾದದ್ದು ಅದೊಂದೇ.

ಅಪ್ಪ ತೀರಿಹೋದ ಮೇಲೆ ಆ ಮನೆಗೆ ಸೋದರಮಾವ ಜಯಪಾಲನೇ ಯಜಮಾನ. ಶಾರ್ಜಾದಲ್ಲಿ ದುಡಿದು ಬಂದವನು, ಮಾತು ಕಡಿಮೆ. ಅವನು ಕೆಮ್ಮಿದರೂ ಅದರಲ್ಲಿ ಏನೋ ಅರ್ಥವಿದೆಯೆಂದು ಬೀಡಿ ಕಟ್ಟುವ ಕೈ ನಿಲ್ಲಿಸಿ ಕೇಳುವವಳು ಯಶ್ಮಿತಾಳ ತಾಯಿ ಸುಗಂಧಿ. ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಕುಂಬಳೆಯ ಅಕ್ಷಯ ಕೇಂದ್ರದಲ್ಲಿ, ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆಸಿ ಆಪ್ಶನ್ ಹಾಕಲು ಮೂವರೂ ಹೋಗಿದ್ದರು. ಅಣ್ಣನದ್ದೂ ಒಂದು ಇರಲಿ ಎಂದಳು ಸುಗಂಧಿ. ಜಯಪಾಲ ಗೋಡೆಯ ಪೋಸ್ಟರುಗಳ ಮೇಲೆಲ್ಲ ಕಣ್ಣಾಡಿಸಿ ಕಣ್ಣೂರಿನಾಚೆಯ ಒಂದು ಕಾಲೇಜು, ಬಿಬಿಎ ಎಂದ. ಇದನ್ನು ಎಷ್ಟನೆಯದಾಗಿ ಹಾಕಬೇಕೆಂದು ಕಂಪ್ಯೂಟರಿನ ಹುಡುಗಿ ಕೇಳಿದಳು. ಊಟದ ಪಂಕ್ತಿಯಲ್ಲಿ ಹಿರಿಯರನ್ನು ಮೊದಲು ಕೂರಿಸುವ ಹಾಗೆ ಸುಗಂಧಿ ಅದನ್ನು ಎಲ್ಲಕ್ಕಿಂತ ಮೇಲೆ ಕೂರಿಸಿದಳು.

ಸೀಟು ಹಂಚುವ ಮೊದಲ ಅಲಾಟ್‌ಮೆಂಟಿನಲ್ಲಿ ಯಶ್ಮಿತಾಳಿಗೆ ಕಾಸರಗೋಡು, ಗಣಿತ, ಕೇಳಿದ್ದೇ ಸಿಕ್ಕಿತು. ಹುಡುಗಿ ಅಂಗಳದಲ್ಲಿ ನಿಂತು ಅತ್ತಳು, ಸಂತೋಷಕ್ಕೆ. ಮೇಲಿನ ಆಪ್ಶನ್ ಬೇಡವಾದರೆ ಈಗಲೇ ತೆಗೆಸಬೇಕು, ಇಲ್ಲದಿದ್ದರೆ ಮುಂದಿನ ಸಲ ಅದು ಬಂದರೆ ಇದು ತನ್ನಿಂತಾನೇ ಹೋಗುತ್ತದೆ ಎಂದು ಅಕ್ಷಯದವಳು ಬಿಡಿಸಿ ಹೇಳಿದ್ದಳು. ಯಶ್ಮಿತಾ ತೆಗೆಸಲು ಹೊರಟಾಗ ತಾಯಿ ಅಡ್ಡ ನಿಂತಳು.

"ಮಾವ ಬಾಯಿಬಿಟ್ಟು ಹೇಳಿದ್ದನ್ನು ತೆಗೆದು ಬಿಸಾಡುವುದಾ? ಅವರಿಗೆ ಗೊತ್ತಾದರೆ ಎಂತ ಗ್ರಹಿಸಿಯಾರು? ಅದು ಅಲ್ಲೇ ಇರ್ಲಿ. ನಿನ್ನ ಮಾರ್ಕಿಗೆ ಹೇಗೂ ಬರ್ಲಿಕ್ಕಿಲ್ಲ."

ಹೌದೆನ್ನಿಸಿತು ಅವಳಿಗೂ. ಮಾವನನ್ನೇ ಒಂದು ಮಾತು ಕೇಳಬಹುದಿತ್ತು. ಆದರೆ ಆ ಮನೆಯಲ್ಲಿ ಮಾವನನ್ನು ಕೇಳುವ ಕ್ರಮವಿಲ್ಲ, ಅವನು ಹೇಳಿದ್ದನ್ನು ಕೇಳುವ ಕ್ರಮ ಮಾತ್ರ. ಅವಳು ತೆಗೆಸಲಿಲ್ಲ.

ಎರಡನೆ ಅಲಾಟ್‌ಮೆಂಟಿಗೆ ಹೆಚ್ಚು ಮಾರ್ಕಿನವರು ಯಾರು ಯಾರೋ ಬಿಟ್ಟುಹೋಗಿ ಬಿಬಿಎ ಸೀಟು ಜಾರುತ್ತಾ ಜಾರುತ್ತಾ ಯಶ್ಮಿತಾಳ ತನಕ ಬಂತು. ಮೊಬೈಲಿನಲ್ಲಿ ನೋಡಿದವಳೇ ಕಾಸರಗೋಡಿನ ಕಾಲೇಜಿಗೆ ಓಡಿದಳು. ಅವಳ ಸೀಟು ಆಗಲೇ ಬೇರೆಯವರಿಗೆ ಹೋಗಿತ್ತು, ಗಣಿತದಲ್ಲಿ ಒಂದೂ ಖಾಲಿ ಇರಲಿಲ್ಲ. ಹೊಸದಕ್ಕೆ ಸೇರದಿದ್ದರೆ ಈ ವರ್ಷದ ಲೆಕ್ಕದಿಂದಲೇ ಹೊರಗೆ ಎಂದರು ಆಫೀಸಿನವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಮುಖಕ್ಕೆ ಶಾಲು ಒತ್ತಿಕೊಂಡು ಕೂತವಳಿಗೆ ಮನೆಗೆ ಹೋಗುವುದೇ ಬೇಡ ಅನ್ನಿಸಿತು, ಎಲ್ಲಿಗೂ ಬೇಡ ಅನ್ನಿಸಿತು.

ಮನೆಯ ಜಗಲಿಯಲ್ಲಿ ಮಾವ ಕೂತಿದ್ದ. ಬಿಬಿಎ ಸೀಟು ಬಂದದ್ದು ಗೊತ್ತಾಗಿ ಹಾಸ್ಟೆಲಿಗೆಂದು ಚಕ್ರದ ಪೆಟ್ಟಿಗೆಯೊಂದನ್ನು ಕೊಂಡು ತಂದಿದ್ದ. ಅದನ್ನು ಕಂಡದ್ದೇ ಹುಡುಗಿಯ ಕಟ್ಟೆ ಒಡೆಯಿತು.

"ಮಾವ, ನನಗೆ ಅಲ್ಲಿಗೆ ಹೋಗ್ಲಿಕ್ಕಿಲ್ಲ. ನನಗೆ ಅದು ಯಾವತ್ತೂ ಬೇಡ ಇತ್ತು."

ಸುಗಂಧಿ ಬಾಗಿಲ ಬಳಿ ಬಂದು ಮಗಳನ್ನು ಗದರಿದಳು. ಜಯಪಾಲ ತಂಗಿಯತ್ತ ನೋಡಲಿಲ್ಲ.

"ಬೇಡ ಇದ್ದದ್ದನ್ನು ತೆಗೀಬಾರದಿತ್ತಾ ಮಗಾ?" ಎಂದ. "ನನ್ನದೂ ಒಂದು ಇರ್ಲಿ ಅಂತ ನಿನ್ನಮ್ಮ ಹೇಳಿದಳು. ನಾನು ಹತ್ತನೆ ಫೇಲು, ನನಗೆಂತ ಗೊತ್ತುಂಟು? ಇಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ, ಶಾರ್ಜಾದಲ್ಲಿ ಜೊತೆಗಿದ್ದವನ ಮಗ ಕಲಿತ ಕಾಲೇಜಿನ ಹೆಸರು ಹೇಳಿದೆ. ಅಲ್ಲಿ ಎಂತ ಕಲಿಸ್ತಾರೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."

ಸುಗಂಧಿ ಬಾಗಿಲ ದಾರಂದ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತಳು.

"ಈಗ ಎಂತ ಮಾಡುವ ಮಗಾ?" ಎಂದು ಮಾವ ಕೇಳಿದ. ಹುಟ್ಟಿದಲ್ಲಿಂದ ಅವನು ತನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು ಎಂದು ಯಶ್ಮಿತಾಳಿಗೆ ಗೊತ್ತಾಯಿತು, ಮತ್ತು ಆರಿಸುವುದಕ್ಕೆ ಅವಳಿಗೆ ಬೇಕಾದದ್ದು ಏನೂ ಉಳಿದಿರಲಿಲ್ಲ.