ಎರಡನೇ ಮತಗಟ್ಟೆ ಅಧಿಕಾರಿಯ ಓಟು

ನಾನು ಮೈಸೂರಿನ ಉದಯಗಿರಿಯ ಸರ್ಕಾರಿ ಶಾಲೆಯೊಂದರಲ್ಲಿ ಟೀಚರು. ಮಕ್ಕಳಿಗೆ ಕನ್ನಡ, ಗಣಿತ ಹೇಳಿಕೊಡುವುದು ನನ್ನ ಕೆಲಸವೆಂದು ನೇಮಕಾತಿ ಆದೇಶದಲ್ಲಿ ಬರೆದಿದೆ. ಆದೇಶ ಬರೆದವರು ಒಳ್ಳೆಯವರು, ಮಿಕ್ಕಿದ್ದನ್ನು ಮೊದಲೇ ಹೇಳಿ ಹೆದರಿಸಲಿಲ್ಲ. ಮನೆ ಎಣಿಸುವುದು, ಜನ ಎಣಿಸುವುದು, ಮಧ್ಯಾಹ್ನದ ಮೊಟ್ಟೆ ಎಣಿಸುವುದು, ಇವೆಲ್ಲದರ ಮೇಲೆ ಮತದಾರರ ಪಟ್ಟಿ. ಶಾಲೆಯ ಸುತ್ತಲಿನ ನಾಲ್ಕು ಬೀದಿಗಳಿಗೆ ನಾನೇ ಬೂತ್ ಮಟ್ಟದ ಅಧಿಕಾರಿ. ಹದಿನೆಂಟು ತುಂಬಿದವರ ಹೆಸರು ಸೇರಿಸಬೇಕು, ಸತ್ತವರ ಹೆಸರು ತೆಗೆಸಬೇಕು, ಮನೆ ಬದಲಿಸಿದವರಿಂದ ವಿಳಾಸ ಬದಲಾವಣೆಯ ನಮೂನೆ ಬರೆಸಿಕೊಳ್ಳಬೇಕು. ಹೆಸರಿಗೆ ಅಧಿಕಾರಿ, ಕೈಯಲ್ಲಿ ಬಟ್ಟೆ ಚೀಲ, ಕಾಲಲ್ಲಿ ಸವೆದ ಚಪ್ಪಲಿ.

ಊರಿನವರಿಗೆಲ್ಲ ಓಟಿನ ಮಹತ್ವ ಬೋಧಿಸಿದ ನಾನು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಣಿಕೆಗೆ ಸಿಕ್ಕುವಂಥ ಒಂದು ಓಟನ್ನೂ ಹಾಕಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನೀವು ನಗಬಹುದು. ಆದರೆ ಪ್ರತಿ ಚುನಾವಣೆಯಲ್ಲೂ ನನ್ನನ್ನು ಯಾವುದೋ ತಾಲ್ಲೂಕಿನ ಯಾವುದೋ ಮತಗಟ್ಟೆಗೆ ಹಾಕುತ್ತಿದ್ದರು. ನನ್ನ ಬೂತಿನಲ್ಲಿ ನನ್ನ ಹೆಸರು ಪಟ್ಟಿಯಲ್ಲಿ ಸುಮ್ಮನೆ ಕೂತಿರುತ್ತಿತ್ತು, ನಾನು ಅರವತ್ತು ಕಿಲೋಮೀಟರ್ ಆಚೆ ಬೇರೆಯವರ ಬೆರಳಿಗೆ ಮಸಿ ಹಚ್ಚುತ್ತಿದ್ದೆ.

ಇಂಥವರಿಗೆಂದೇ ಅಂಚೆ ಮತಪತ್ರವಿದೆ. ಮೊದಲೇ ಅರ್ಜಿ ಕೊಟ್ಟರೆ ಕಾಗದದ ಮತಪತ್ರ ಬರುತ್ತದೆ. ಬೇಕಾದವರ ಮುಂದೆ ಗುರುತು ಹಾಕಿ, ಚಿಕ್ಕ ಲಕೋಟೆಗೆ ಸೇರಿಸಿ, ಜೊತೆಗೊಂದು ಘೋಷಣಾ ಪತ್ರಕ್ಕೆ ಸಹಿ ಮಾಡಿ, ಅದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿಯನ್ನೂ ಪಡೆದು, ಎರಡನ್ನೂ ದೊಡ್ಡ ಲಕೋಟೆಯಲ್ಲಿಟ್ಟು ಕಳಿಸಬೇಕು. ಮೊದಮೊದಲು ನಾನು ಅರ್ಜಿ ಕೊಡುವುದನ್ನೇ ಮರೆತೆ. ಆಮೇಲೊಮ್ಮೆ ಮತಪತ್ರ ಬಂತು, ಗೆಜೆಟೆಡ್ ಅಧಿಕಾರಿ ಸಿಗಲಿಲ್ಲ. ಇನ್ನೊಂದು ಸಲದ್ದು ಹೇಳಿಕೊಳ್ಳಲು ನಾಚಿಕೆ. ಜಯಲಕ್ಷ್ಮಿಪುರಂನ ಬಾಡಿಗೆ ಮನೆ ಬಿಟ್ಟು ಹೂಟಗಳ್ಳಿಯ ಹೊಸ ಬಡಾವಣೆಗೆ ಬಂದು ನಾಲ್ಕು ವರ್ಷವಾಗಿತ್ತು. ನಾಲ್ಕು ಬೀದಿಯವರಿಂದ ವಿಳಾಸ ಬದಲಾವಣೆಯ ನಮೂನೆ ಬರೆಸಿದ ನಾನು ನನ್ನದೊಂದನ್ನು ಬರೆದಿರಲಿಲ್ಲ. ಮತಪತ್ರ ಹಳೆಯ ಮನೆಗೆ ಹೋಯಿತು. ಹಳೆಯ ಓನರ್ ಪುಣ್ಯಾತ್ಮರು, ಭದ್ರವಾಗಿ ಇಟ್ಟುಕೊಂಡಿದ್ದು ಅದನ್ನು ತಂದುಕೊಟ್ಟರು. ಅಷ್ಟು ಹೊತ್ತಿಗೆ ಗೆದ್ದವರ ಹಾರ ಬಾಡಿ ಮಂತ್ರಿಮಂಡಲವೂ ಆಗಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆ. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಕಳೆದ ವಿಧಾನಸಭೆ ಚುನಾವಣೆಗೆ ಮುಂಚೆ ಪಟ್ಟಿ ಪರಿಷ್ಕರಣೆಗೆ ಬೀದಿ ಸುತ್ತುತ್ತಿದ್ದಾಗ, ಶಾಲೆಯ ಎದುರು ರಸ್ತೆಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಮೆಕ್ಯಾನಿಕ್ ಸಿಕ್ಕ. ನಲವತ್ತರ ಹತ್ತಿರದವನು, ನನ್ನ ಗಾಡಿಗೂ ಅವನೇ ವೈದ್ಯ. ಅವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅರ್ಜಿ ತುಂಬು ಎಂದರೆ ನಾಳೆ ಎನ್ನುತ್ತಿದ್ದ, ನಾಳೆ ಕೇಳಿದರೆ ಫೋಟೋ ಇಲ್ಲ ಎನ್ನುತ್ತಿದ್ದ. ಐದನೇ ಸಲ ಹೋದಾಗ ನನಗೆ ಸಿಟ್ಟು ಬಂತು. ಓಟು ಹಾಕದವನಿಗೆ ಚರಂಡಿ ಕಟ್ಟಿಕೊಂಡಿದೆ ಎಂದು ಕೂಗುವ ಹಕ್ಕಿಲ್ಲ ಎಂದೆ. ಅವನು ಸ್ಪಾನರ್ ಕೆಳಗಿಟ್ಟು, ತಣ್ಣಗೆ ಕೇಳಿದ:

"ನೀವು ಹಾಕ್ತೀರಾ ಮೇಡಂ, ಪ್ರತಿ ಸಲ?"

"ಹಾಕ್ದೆ ಇರ್ತೀನಾ?" ಎಂದುಬಿಟ್ಟೆ.

ಮಕ್ಕಳು ಸುಳ್ಳು ಹೇಳಿದರೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸುವವಳು ನಾನು. ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ನನಗೇ ಆಶ್ಚರ್ಯ.

"ಅಂಗಾದ್ರೆ ಸರಿ," ಎಂದ ಅವನು. "ನಾನೂ ಹಾಕ್ಬುಡ್ತೀನಿ. ಆದ್ರೆ ಮಾರ್ನೇ ದಿನ ನೀವೂ ಬೆರಳು ತೋರಿಸ್ಬೇಕು, ನಾನೂ ತೋರಿಸ್ತೀನಿ."

ಅವತ್ತೇ ಅರ್ಜಿ ತುಂಬಿಕೊಟ್ಟ. ಮನೆಗೆ ಬಂದು ನಾನೂ ನನ್ನ ವಿಳಾಸ ಬದಲಾವಣೆಯ ನಮೂನೆ ಬರೆದೆ. ಅಂಚೆಯಲ್ಲಿ ಓಟು ಹಾಕಿದವರಿಗೆ ಬೆರಳಿಗೆ ಮಸಿ ಹಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಅವನಿಗೆ ಬಿಡಿಸಿ ಹೇಳಬಹುದಿತ್ತು. ಬೆರಳು ಹೇಗಾದರೂ ಇರಲಿ, ಈ ಸಲವಾದರೂ ಓಟು ನಿಜವಾಗಿರಬೇಕು, ಅವನ ಮುಖ ನೋಡಿ ಹಾಕಿದೆ ಎನ್ನುವಂತಿರಬೇಕು ಎಂಬುದೊಂದೇ ಹಟ. ಈ ವಯಸ್ಸಿನಲ್ಲಿ ಒಬ್ಬ ಮೆಕ್ಯಾನಿಕ್‌ಗೆ ಹೆದರಿ ಪ್ರಜೆಯಾಗಲು ಹೊರಟಿದ್ದೆ.

ಡ್ಯೂಟಿ ಆದೇಶ ಬಂತು: ದೂರದ ತಾಲ್ಲೂಕು, ಎರಡನೇ ಮತಗಟ್ಟೆ ಅಧಿಕಾರಿ. ಮೊದಲ ತರಬೇತಿಯ ದಿನವೇ ಅಂಚೆ ಮತಪತ್ರದ ಅರ್ಜಿ ಕೊಟ್ಟೆ, ಅದರ ಫೋಟೋ ಹೊಡೆದಿಟ್ಟುಕೊಂಡೆ. ಎರಡನೇ ತರಬೇತಿ ನಡೆದ ಕಾಲೇಜಿನಲ್ಲೇ ಒಂದು ಕೋಣೆಯಲ್ಲಿ ಎಲ್ಲ ವ್ಯವಸ್ಥೆಯಿತ್ತು. ಮತಪತ್ರ ಅಲ್ಲೇ ಕೊಡುತ್ತಿದ್ದರು, ಗೆಜೆಟೆಡ್ ಅಧಿಕಾರಿಯೂ ಅಲ್ಲೇ ಫ್ಯಾನಿನ ಕೆಳಗೆ ಕೂತಿದ್ದರು, ಲಕೋಟೆ ಹಾಕಲು ಬೀಗ ಜಡಿದ ಪೆಟ್ಟಿಗೆಯೂ ಅಲ್ಲೇ. ನಾನು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಜೊತೆಯ ಟೀಚರೊಬ್ಬರು ಮನೇಲೇನು ನಾಮಕರಣವಾ ಎಂದು ಕೇಳಿದರು. ಹೂಂ ಎಂದೆ.

ಘೋಷಣಾ ಪತ್ರಕ್ಕೆ ಸಹಿ ಹಾಕಿದೆ, ಅಧಿಕಾರಿ ಸಹಿ ಹಾಕಿದರು, ಸೀಲು ಬಿತ್ತು. ರಟ್ಟಿನ ಮರೆಯ ಹಿಂದೆ ಹೋಗಿ ಮತಪತ್ರ ಬಿಚ್ಚಿದೆ. ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದೆ, ಮತ್ತೊಮ್ಮೆ ಓದಿದೆ. ಯಾರಿಗೆ ಹಾಕಿದೆ ಎಂಬುದು ನಿಮಗೆ ಬೇಡ. ಗುರುತು ಹಾಕಿದೆ, ಮಡಿಸಿದೆ, ಚಿಕ್ಕ ಲಕೋಟೆ, ದೊಡ್ಡ ಲಕೋಟೆ, ಗೋಂದು. ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಟ್ಟಾಗ ಕೆಳಗೆ ಬಿದ್ದ ಮೆತ್ತನೆಯ ಸದ್ದು ಕೇಳಿಸಿತು. ಕಣ್ಣಲ್ಲಿ ನೀರು ಬಂತು ಎಂದರೆ ನಂಬಿ. ಪಲಾವ್ ಪೊಟ್ಟಣ ಇಸಿದುಕೊಂಡು ಮರದ ಕೆಳಗೆ ಕೂತು ಹಬ್ಬದೂಟದ ಹಾಗೆ ತಿಂದೆ.

ಮಧ್ಯಾಹ್ನದ ತರಗತಿಯಲ್ಲಿ ಇನ್ನೂ ಓಟು ಹಾಕದ ಮೇಷ್ಟ್ರೊಬ್ಬರು ಎದ್ದು, ಸಹಿ ಎಲ್ಲೆಲ್ಲಿ ಹಾಕಬೇಕು ಎಂದು ಕೇಳಿದರು. ತರಬೇತಿ ಕೊಡುತ್ತಿದ್ದವರು ಘೋಷಣಾ ಪತ್ರದಲ್ಲಿ ಮಾತ್ರ ಎಂದರು. ಮತಪತ್ರದ ಮೇಲೆ ಹಾಕಿದವರು ಯಾರೆಂದು ತಿಳಿಯುವ ಯಾವ ಗುರುತೂ ಇರಬಾರದು, ಸಹಿ ಇದ್ದರೆ ತಿರಸ್ಕೃತ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಅರ್ಧಕ್ಕೆ ನಿಲ್ಲಿಸಿದೆ.

ಇಪ್ಪತ್ತಾರು ವರ್ಷದಿಂದ ದಿನಕ್ಕೆ ನಲವತ್ತು ನೋಟ್‌ಬುಕ್ ತಿದ್ದಿದ್ದೇನೆ. ಟಿಕ್ ಹಾಕುವುದು, ಅದರ ಕೆಳಗೆ ಚುಟುಕು ಸಹಿ, ಸಹಿಯ ಕೆಳಗೆ ತಾರೀಕು. ಈ ಮೂರೂ ನನ್ನ ಕೈಗೆ ಒಂದೇ ಕೆಲಸ, ತಲೆಯನ್ನು ಕೇಳುವುದಿಲ್ಲ. ಟಿಕ್ ಹಾಕಿ ಸಹಿ ಬಿಟ್ಟರೆ ಇನ್‌ಸ್ಪೆಕ್ಟರ್ ಬಂದಾಗ ತಿದ್ದಿಲ್ಲ ಎಂದೇ ಲೆಕ್ಕ. ರಟ್ಟಿನ ಮರೆಯ ಹಿಂದೆಯೂ ಕೈ ಅದನ್ನೇ ಮಾಡಿತ್ತು. ಟಿಕ್, ಸಹಿ, ತಾರೀಕು. ಅಭ್ಯರ್ಥಿಯ ಹೋಂವರ್ಕ್ ಸರಿಯಾಗಿದೆ ಎಂದು ಒಪ್ಪಿ ಬಂದಿದ್ದೆ.

ಎದ್ದು ಆ ಕೋಣೆಗೆ ಓಡಿದೆ. ಪೆಟ್ಟಿಗೆಯ ಪಕ್ಕ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಾರಿಗೆ. ನನ್ನ ಲಕೋಟೆ ವಾಪಸು ಕೊಡಿ, ತಪ್ಪಾಗಿದೆ, ತಿದ್ದಿ ಕೊಡುತ್ತೇನೆ ಎಂದೆ. ಏನು ತಪ್ಪು ಎಂದು ಕೇಳಿದಳು. ಕೈತಪ್ಪು ಅಂತ ಇಟ್ಟುಕೊಳ್ಳಿ ಎಂದೆ.

"ಪೆಟ್ಗೆಗೆ ಬಿದ್ಮೇಲೆ ಅದು ನಿಮ್ದಲ್ಲ ಮೇಡಂ," ಎಂದಳು. ಮರ್ಯಾದೆಯಿಂದಲೇ ಹೇಳಿದಳು. "ಪೆನ್ಸಿಲ್ ಬಾಕ್ಸ್ ಥರ ತೆಗೆದು ಕೊಡಕ್ಕಾಗಲ್ಲ."

ಅವಳು ಹೇಳಿದ್ದು ಸರಿ. ಸಾಲಿನಲ್ಲಿ ನಿಂತಿದ್ದ ಟೀಚರುಗಳಿಗೆ, ನೋಡ್ರಮ್ಮ, ಮತಪತ್ರದ ಮೇಲೆ ಸಹಿ ಗಿಹಿ ಹಾಕಬೇಡಿ ಎಂದು ಬುದ್ಧಿ ಹೇಳಿದೆ. ಅಂಥ ಪೆದ್ದು ಕೆಲಸ ಯಾರು ಮಾಡ್ತಾರೆ ಬಿಡಿ ಎಂದು ಒಬ್ಬರು ನಕ್ಕರು. ನಾನೂ ನಕ್ಕೆ.

ಮತದಾನದ ದಿನ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಆ ದೂರದ ಹಳ್ಳಿಯ ಶಾಲೆಯಲ್ಲಿ ಕೂತು ಮಸಿ ಹಚ್ಚಿದೆ. ಎರಡನೇ ಅಧಿಕಾರಿಯ ಕೆಲಸವೇ ಅದು: ಎಡಗೈ ತೋರುಬೆರಳು ಹಿಡಿದು ಉಗುರಿನ ತುದಿಯಿಂದ ಒಂದು ಗೆರೆ ಎಳೆಯುವುದು, ಪುಸ್ತಕದಲ್ಲಿ ಸಹಿ ಹಾಕಿಸುವುದು. ನಾಟಿ ಮಾಡಿ ಒರಟಾದ ಬೆರಳು, ಅರಿಶಿನದ ಬೆರಳು, ಮೊದಲ ಓಟಿನ ಹುಡುಗಿಯರ ಬೆವರಿದ ಬೆರಳು. ನಮ್ಮ ಮೈಸೂರಿನಲ್ಲೇ ತಯಾರಾಗುವ ಮಸಿ ಅದು, ಹಿಡಿದರೆ ಬಿಡುವುದಿಲ್ಲ. ಬೇಸಿಗೆಯ ಸೆಖೆಗೆ ಸೀಸೆ ಜಾರಿ ನನ್ನ ಕೈಗೂ ಬಳಿದುಕೊಂಡಿತು. ರಾತ್ರಿ ಮತಯಂತ್ರ ಒಪ್ಪಿಸಿ ಮನೆಗೆ ಬಂದು ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದೆ. ಇನ್ನಷ್ಟು ಕಪ್ಪಾಯಿತು.

ಒಂದು ದಿನ ಬಿಟ್ಟು, ಬೇಸಿಗೆ ರಜೆಯ ವಿಶೇಷ ತರಗತಿಗೆಂದು ಶಾಲೆಗೆ ಹೋದೆ. ಮೆಕ್ಯಾನಿಕ್ ಅಂಗಡಿ ಮುಂದೆಯೇ ಕಾಯುತ್ತಿದ್ದ. ಗ್ರೀಸು ಒರೆಸಿಕೊಂಡು ಎಡಗೈ ಎತ್ತಿ ತೋರಿಸಿದ. ಎರಡು ಗಂಟೆ ಸಾಲಿನಲ್ಲಿ ನಿಂತಿದ್ದನಂತೆ, ಅರ್ಧ ದಿನ ಅಂಗಡಿ ಮುಚ್ಚಿದ್ದನಂತೆ. ತೋರುಬೆರಳಿನ ಮೇಲೆ ಅಚ್ಚುಕಟ್ಟಾದ ಒಂದು ಗೆರೆ. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

"ಈಗ ನಿಮ್ದು ತೋರ್ಸಿ," ಎಂದ.

ಸೆರಗಿನಿಂದ ಕೈ ತೆಗೆದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಂಗೈಯ ಅಂಚು, ಎರಡು ಕೈಯೂ ಮಸಿ. ಅವನು ಕಣ್ಣರಳಿಸಿ ನೋಡಿದ.

"ಎಷ್ಟು ಓಟು ಹಾಕುದ್ರಿ ಮೇಡಂ ನೀವು?"

ಇನ್ನೊಂದು ಸುಳ್ಳಿಗೆ ನನ್ನಲ್ಲಿ ಶಕ್ತಿ ಇರಲಿಲ್ಲ.

"ಒಂದೂ ಇಲ್ಲ ಕಣಪ್ಪ," ಎಂದೆ. "ಇಪ್ಪತ್ತಾರು ವರ್ಷದಲ್ಲಿ ಒಂದೂ ಹಾಕಿಲ್ಲ. ನಿನ್ಗೆ ಅವತ್ತು ಸುಳ್ಳು ಹೇಳ್ದೆ."

ಅವನು ತೊಡೆ ತಟ್ಟಿಕೊಂಡು ನಕ್ಕ. ಪಕ್ಕದ ಟೀ ಅಂಗಡಿಯವನನ್ನು ಕರೆದು, ಟೀಚರಮ್ಮ ಎಂಗೆ ತಮಾಷೆ ಮಾಡ್ತಾರೆ ನೋಡು ಎಂದು ನನ್ನ ಕೈ ತೋರಿಸಿದ. ಅವನೂ ನಕ್ಕ. ಮತ್ತೆ ಹೇಳೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು.

ರಸ್ತೆ ದಾಟಿ ಶಾಲೆಯೊಳಗೆ ಹೋದೆ. ಹೆಡ್‌ಮಾಸ್ಟರ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ನನ್ನ ಹೆಸರಿನ ಮುಂದೆ ಟಿಕ್ ಹಾಕಿ, ಕೆಳಗೆ ಸಹಿ ಮಾಡಿ, ತಾರೀಕು ಬರೆದೆ.